ಹ್ಯಾಡನ್‌ಫೀಲ್ಡ್‌ನಲ್ಲಿ ಎಲಿಜಬೆತ್‌ಳ ಜಾಡು

ಎಲಿಜಬೆತ್ ಹ್ಯಾಡನ್‌ಳನ್ನು ಹುಡುಕಿಕೊಂಡು ಹೋಗುವವರು ನೇರವಾಗಿ ನ್ಯೂಜೆರ್ಸಿಯ ಹ್ಯಾಡನ್‌ಫೀಲ್ಡ್‌ಗೆ ಹೋದರೆ ಸಿಗುವುದು ಬರೀ ಕತೆ. ಲಂಡನ್ನಿನ ಸೌತ್‌ವಾರ್ಕ್‌ನಲ್ಲಿ 1680ರಲ್ಲಿ ಹುಟ್ಟಿದ ಈ ಕ್ವೇಕರ್ (ಒಂದು ಕ್ರೈಸ್ತ ಪಂಥ) ಹುಡುಗಿ, ಅಪ್ಪ ಅಮೆರಿಕದಲ್ಲಿ ಕೊಂಡಿದ್ದ ಜಮೀನು ನೋಡಿಕೊಳ್ಳಲು 1701ರಲ್ಲಿ ಹಡಗು ಹತ್ತಿದಳು. ಮರುವರ್ಷ ಧರ್ಮಬೋಧಕ ಜಾನ್ ಎಸ್ಟಾನನ್ನು ಮದುವೆಯಾದಳು. ಮದುವೆಯ ಮಾತನ್ನು ತಾನೇ ಮೊದಲು ಎತ್ತಿದಳು ಎನ್ನುವ ಪ್ರಸಂಗ 19ನೇ ಶತಮಾನದ ಕತೆಗಾರರ, ಕವಿಗಳ ಕೈಯಲ್ಲಿ ರಂಗೇರಿದ್ದು. ಕಡತದ ಎಲಿಜಬೆತ್ ಬೇರೆಯೇ ಹೆಂಗಸು.

ಹಾಗಾಗಿ ಮೊದಲ ನಿಲುಗಡೆ ಸ್ವಾರ್ಥ್‌ಮೋರ್. ಫಿಲಡೆಲ್ಫಿಯಾದಿಂದ ಸೆಪ್ಟಾ ಲೋಕಲ್ ರೈಲಿನಲ್ಲಿ ಅರ್ಧ ಗಂಟೆ. ನಿಲ್ದಾಣದಿಂದ ಕಾಲೇಜಿಗೆ ನಡೆದೇ ಹೋಗಬಹುದು. ಅಲ್ಲಿ ಕ್ವೇಕರ್ ಕಡತಗಳಿರುವ ಫ್ರೆಂಡ್ಸ್ ಹಿಸ್ಟಾರಿಕಲ್ ಲೈಬ್ರರಿಗೆ ಮೊದಲೇ ಬರೆದು ಸಮಯ ಗೊತ್ತು ಮಾಡಿಕೊಳ್ಳಬೇಕು. ಒಳಗೆ ಪೆನ್ಸಿಲ್ ಮಾತ್ರ. 1827ರಲ್ಲಿ ಕ್ವೇಕರರು ಎರಡಾಗಿ ಒಡೆದದ್ದರಿಂದ ಕಡತಗಳೂ ಹಂಚಿಹೋದವು: ಒಂದಷ್ಟು ಇಲ್ಲಿ, ಉಳಿದವು ಹ್ಯಾವರ್‌ಫರ್ಡ್ ಕಾಲೇಜಿನಲ್ಲಿ. ಅದು ಬೇರೆ ರೈಲು ಮಾರ್ಗ. ಬೇಕಾದ ಸಂಪುಟ ಯಾವ ಕಡೆ ಇದೆ ಎಂದು ಕ್ಯಾಟಲಾಗ್ ನೋಡದೆ ಹೊರಟರೆ ದಿನ ಹಾಳು.

ಎಡವುವುದು ಹೆಚ್ಚಾಗಿ ತಾರೀಖಿನಲ್ಲಿ. ವಾರ, ತಿಂಗಳುಗಳ ಹೆಸರು ಅನ್ಯದೇವತೆಗಳವು ಎಂದು ಕ್ವೇಕರರು ಬರೀ ಅಂಕಿ ಹಾಕುತ್ತಿದ್ದರು. 1752ಕ್ಕೆ ಮುಂಚೆ ಇಂಗ್ಲಿಷ್ ವರ್ಷ ಶುರುವಾಗುತ್ತಿದ್ದದ್ದು ನಮ್ಮ ಯುಗಾದಿಯ ಆಸುಪಾಸಿನಲ್ಲಿ, ಮಾರ್ಚ್ 25ಕ್ಕೆ. ಅವರ ಲೆಕ್ಕದಲ್ಲಿ ಮಾರ್ಚ್ ಒಂದನೇ ತಿಂಗಳು. ಎಲಿಜಬೆತ್‌ಳ ಮದುವೆ 1702ರ ಹತ್ತನೇ ತಿಂಗಳಲ್ಲಿ ಎಂದರೆ ಅಕ್ಟೋಬರ್ ಅಲ್ಲ, ಡಿಸೆಂಬರ್. ಜನವರಿಯಿಂದ ಮಾರ್ಚ್ 24ರವರೆಗಿನ ದಿನಗಳಿಗೆ 1701/2 ಎಂದು ಎರಡು ವರ್ಷ ಬರೆದಿರುತ್ತದೆ. ಕಂಡದ್ದನ್ನು ಕಂಡ ಹಾಗೆಯೇ ಇಳಿಸಿಕೊಂಡು, ಪಕ್ಕದಲ್ಲಿ ಈಗಿನ ತಾರೀಖು ಹಾಕಿಕೊಳ್ಳಿ. ಅಂತರ್ಜಾಲದ ಎಷ್ಟೋ ವಂಶವೃಕ್ಷಗಳು ಮಗುವಿನ ಹುಟ್ಟನ್ನು ಅಪ್ಪ ಅಮ್ಮನ ಮದುವೆಗೂ ಮುಂಚೆ ತೋರಿಸುವುದು ಇದೇ ಎಡವಟ್ಟಿನಿಂದ.

ಕ್ವೇಕರರಲ್ಲಿ ಗಂಡಸರ ಸಭೆ, ಹೆಂಗಸರ ಸಭೆ ಎರಡಕ್ಕೂ ಬೇರೆ ಬೇರೆ ನಡಾವಳಿ ಪುಸ್ತಕ. ಗಂಡಸರದ್ದನ್ನಷ್ಟೇ ತಿರುವಿ ಏನೂ ಇಲ್ಲ ಎಂದು ಎದ್ದು ಬರುವವರು ಬಹಳ. ಎಲಿಜಬೆತ್ ಸುಮಾರು 50 ವರ್ಷ ಹೆಂಗಸರ ಸಭೆಯ ಕಾರ್ಯದರ್ಶಿ. ಮದುವೆಯಾಗುವ ಜೋಡಿ ಎರಡು ಮಾಸಿಕ ಸಭೆಗಳಲ್ಲಿ ತಮ್ಮ ಇರಾದೆ ಹೇಳಬೇಕಿತ್ತು. ನಡುವೆ ಹುಡುಗಿಯ ಕಡೆಯ ವಿಚಾರಣೆ ನಡೆಸುತ್ತಿದ್ದವರು ಹೆಂಗಸರೇ. ಪ್ರಮಾಣಪತ್ರಕ್ಕೆ ಬಂದವರೆಲ್ಲ ಸಹಿ ಹಾಕುತ್ತಿದ್ದರು, ವಧೂವರರ ಹೆಸರಿನ ಕೆಳಗೆ ಸಾಮಾನ್ಯವಾಗಿ ಹತ್ತಿರದ ನೆಂಟರು. ಕ್ವೇಕರರಲ್ಲಿ ಬ್ಯಾಪ್ಟಿಸಮ್ ಇಲ್ಲ, ಆದ್ದರಿಂದ ಚರ್ಚ್ ದಾಖಲೆ ಹುಡುಕುವುದು ವ್ಯರ್ಥ. ಆ ಸಹಿಗಳ ಪಟ್ಟಿಯೇ ಬಳಗದ ನಕ್ಷೆ.

ಎಲಿಜಬೆತ್‌ಗೆ ಮಕ್ಕಳಾಗಲಿಲ್ಲ. ಮೊಮ್ಮಕ್ಕಳ ಮನೆಯ ಬೈಬಲ್, ಅದರ ಹಾಳೆಯಲ್ಲಿ ಬರೆದಿಟ್ಟ ಹುಟ್ಟು ಸಾವು ಇಲ್ಲಿ ಸಿಗುವುದಿಲ್ಲ. ತಂಗಿ ಸಾರಾಳ ಮಗ ಎಬನೀಜರ್ ಹಾಪ್ಕಿನ್ಸ್‌ನನ್ನು 1723ರಲ್ಲಿ ಇಂಗ್ಲೆಂಡಿನಿಂದ ಕರೆತಂದು ಸಾಕಿದಳು. ಮುಂದಿನ ಎಳೆ ಹಿಡಿಯಬೇಕಾದ್ದು ಹಾಪ್ಕಿನ್ಸ್ ಹೆಸರಿನಲ್ಲಿ.

ಆಮೇಲೆ ಹ್ಯಾಡನ್‌ಫೀಲ್ಡ್. ಫಿಲಡೆಲ್ಫಿಯಾದಿಂದ ಪ್ಯಾಟ್ಕೋ ರೈಲು ಡೆಲವೇರ್ ನದಿ ದಾಟಿ ಸುಮಾರು 20 ನಿಮಿಷದಲ್ಲಿ ಇಳಿಸುತ್ತದೆ. ಕಿಂಗ್ಸ್ ಹೈವೇ ಅಂಚಿನಲ್ಲೇ ಡೈನೊಸಾರ್ ಪ್ರತಿಮೆ (ಅದರ ಮೂಳೆಗಳನ್ನು 1858ರಲ್ಲಿ ಈ ಊರಲ್ಲಿ ಅಗೆದು ತೆಗೆದರು). ಮಕ್ಕಳಿದ್ದರೆ ಅಲ್ಲೇ ತಡವಾಗುತ್ತದೆ. ಮುಂದೆ ಗ್ರೀನ್‌ಫೀಲ್ಡ್ ಹಾಲ್, ಊರಿನ ಇತಿಹಾಸ ಸಂಘದ ಮನೆ. ತೆರೆದಿರುವ ಹೊತ್ತು ಕಡಿಮೆ, ವಿಚಾರಿಸಿ ಹೋಗಿ. ಈಗಿನ ಕ್ವೇಕರ್ ಸಭಾಮಂದಿರ 1851ರದ್ದು. ಮೊದಲನೆಯದಕ್ಕೆ 1721ರಲ್ಲಿ ನೆಲ ಬಂದದ್ದು ಹ್ಯಾಡನ್ ಕುಟುಂಬದಿಂದ. ಎಲಿಜಬೆತ್ 1713ರಲ್ಲಿ ಕಟ್ಟಿಸಿದ ಮನೆ 1842ರ ಬೆಂಕಿಗೆ ಹೋಯಿತು. ಬಿಯರ್ ಕಾಯಿಸುತ್ತಿದ್ದ ಇಟ್ಟಿಗೆಯ ಪುಟ್ಟ ಕಟ್ಟಡ ಉಳಿದಿದೆ. ಅದು ಖಾಸಗಿ ಹಿತ್ತಿಲು, ರಸ್ತೆಯಿಂದಲೇ ನೋಡಬೇಕು. ಹ್ಯಾಡನ್ ಅವೆನ್ಯೂದ ಸ್ಮಶಾನದಲ್ಲಿ ಆ ಕಾಲದ ಕ್ವೇಕರರ ಸಮಾಧಿಗಲ್ಲು ಹುಡುಕಬೇಡಿ. ಕಲ್ಲು ನೆಡುವುದನ್ನು ಅವರು ಆಡಂಬರ ಎನ್ನುತ್ತಿದ್ದರು. ಅವಳ ಹೆಸರಿನ ಫಲಕ ಬಹಳ ನಂತರದ್ದು, ಪುರಾವೆಯಾಗಿ ಬಳಸುವಂತಿಲ್ಲ.

ಜಮೀನು ಪತ್ರ, ಉಯಿಲು ಬೇಕಿದ್ದರೆ ಟ್ರೆಂಟನ್ನಿನ ರಾಜ್ಯ ಪತ್ರಾಗಾರ: ಪ್ಯಾಟ್ಕೋದಲ್ಲಿ ಕ್ಯಾಮ್‌ಡೆನ್‌ಗೆ ಹಿಂತಿರುಗಿ, ಅಲ್ಲಿಂದ ರಿವರ್ ಲೈನ್ ರೈಲು. ಸೂಚಿಯಲ್ಲಿ ಹ್ಯಾಡನ್, ಎಸ್ಟಾ, ಹಾಪ್ಕಿನ್ಸ್ ಮೂರನ್ನೂ ನೋಡಿ. ಎಸ್ಟಾ ಹೆಸರನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿರಬಹುದು, ಇಂಗ್ಲಿಷಿನ ಮೊದಲ ಮೂರು ಅಕ್ಷರ (Est) ಹಾಕಿ ಹುಡುಕಿ. ಎಲಿಜಬೆತ್‌ಳ ಗಂಡ 1742ರಲ್ಲಿ ಕೆರಿಬಿಯನ್ನಿನ ಟೋರ್ಟೋಲಾ ದ್ವೀಪದಲ್ಲಿ ತೀರಿಕೊಂಡ. ಅದಾದ ಮೇಲಿನ ಪತ್ರಗಳನ್ನು ವಿಧವೆಯಾದ ಅವಳ ಹೆಸರಿನಡಿ ನೋಡಿ.