ವಾರದ ಗಡುವು ಬಿಟ್ಟು ಮಳೆಯ ಗಡುವು ಹಿಡಿದದ್ದು

ಆಶ್ಲೇಷ ಮಳೆ ಮುಗಿಯುವ ಮುಂಚೆಯೇ ಆಶ್ಲೇಷದ ಬರಹ ಮುಗಿದು ಕೂತಿದೆ. ಒಂದೊಂದು ಮಳೆನಕ್ಷತ್ರಕ್ಕೆ ಅಂತರ್ಜಾಲದಲ್ಲಿ ಒಂದೊಂದು ಬರಹ ಎಂದು ಹೊರಟದ್ದು, ಮೃಗಶಿರದಿಂದ ಇಲ್ಲಿಯವರೆಗೆ ಒಂದನ್ನೂ ತಪ್ಪಿಸಿಲ್ಲ. ಮಳೆಗಾಲದಲ್ಲಿ ನಿಯಮಿತವಾಗಿ ಬರೆಯುತ್ತೇನೆಂದು ಹೊರಟು ಕೈಚೆಲ್ಲಿದವರಿಗೆ ಈ ಮಾತಿನ ಬೆಲೆ ಗೊತ್ತಿರುತ್ತದೆ. ಗೊತ್ತಿಲ್ಲದವರು ಜುಲೈಯಲ್ಲಿ ಮಲೆನಾಡಿನ ಹೊಸನಗರದ ಕಡೆ ಬಂದು ಒಂದು ವಾರ ಇದ್ದು ಹೋಗಬಹುದು. ಕಳಲೆ ಪಲ್ಯದ ಊಟ ನಮ್ಮದು, ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕಿತ್ತುಕೊಳ್ಳುವ ಕೆಲಸ ನಿಮ್ಮದು.

ವಿಷಯ ಹುಡುಕುವುದು, ಟಿಪ್ಪಣಿ ಮಾಡುವುದು, ‘ನುಡಿ’ ತಂತ್ರಾಂಶದ ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವಾಗ ಅರ್ಕಾವೊತ್ತು ಚೆಲ್ಲಾಪಿಲ್ಲಿಯಾಗುವುದು, ಇವೆಲ್ಲ ಅಂತರ್ಜಾಲದಲ್ಲಿ ಬರೆಯುವ ಎಲ್ಲರೂ ಉಂಡಿರುವ ಊಟ. ಅದನ್ನು ಮತ್ತೆ ಬಡಿಸುವುದಿಲ್ಲ. ಈ ಸಲ ಪೂರ್ತಿ ಗುರಿಯ ಕಥೆ: ಎಷ್ಟು ದಿನಕ್ಕೆ ಎಷ್ಟು ಬರೆಯುತ್ತೇನೆಂದು ಹೇಳಿಕೊಂಡರೆ ಅದು ನಡೆಯುತ್ತದೆ ಎನ್ನುವುದು.

ವಾರಕ್ಕೊಂದು ಬರಹ ಎಂದು ಎಲ್ಲರೂ ಉಪದೇಶಿಸುತ್ತಾರೆ. ಉಪದೇಶಿಸುವವರ ಮನೆಯಲ್ಲಿ ಅಡಿಕೆ ತೋಟ ಇರುವುದಿಲ್ಲ. ಚಳಿಗಾಲ ಕಳೆದು ಅಡಿಕೆ ಮನೆ ಸೇರಿದ ಮೇಲೆ ವಾರಕ್ಕೊಂದು ಏನು, ಎರಡು ಬರೆದರೂ ಕೇಳುವವರಿಲ್ಲ. ಜೂನ್ ಬಂತೆಂದರೆ ಲೆಕ್ಕ ಬದಲಾಗುತ್ತದೆ. ಅಡಿಕೆಯ ಕೊಳೆ ರೋಗಕ್ಕೆ ಮೊದಲ ಔಷಧಿ ಮಳೆ ಹಿಡಿಯುವ ಹೊತ್ತಿಗೆ ಬೀಳಬೇಕು, ಎರಡನೆಯದು ಅದಾಗಿ 40-45 ದಿನಕ್ಕೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಬೇಕು, ಕೂಡಿಸಿದ್ದನ್ನು ಅವತ್ತೇ ಹೊಡೆದು ಮುಗಿಸಬೇಕು. ಮಳೆ ಎರಡು ದಿನ ಹೊಳವು ಕೊಟ್ಟರೆ ಊರಿಗೆ ಊರೇ ತೋಟದಲ್ಲಿರುತ್ತದೆ. ಆ ಹೊಳವು ಭಾನುವಾರ ಬರಬಾರದೆಂದೇನೂ ಇಲ್ಲ. ಬರೆಯಲು ಮೀಸಲಿಟ್ಟ ಭಾನುವಾರ ಔಷಧಿ ಹೊಡೆಯುವವನಿಗೆ ಕೊಳವೆ ಎಳೆದುಕೊಟ್ಟು ಸಂಜೆ ಮನೆಗೆ ಬಂದರೆ ಉಗುರಿನ ಸಂದಿಯೆಲ್ಲ ನೀಲಿ. ಆ ಕೈ ಕೀಲಿಮಣೆಯ ಮೇಲೆ ಹೋಗುವುದಿಲ್ಲ, ನೇರ ಊಟದ ತಟ್ಟೆಗೆ ಹೋಗುತ್ತದೆ.

ಆಗ ಮೊದಲು ಹೊಳೆಯುವ ಉಪಾಯ ಗುರಿಯನ್ನು ಅರ್ಧ ಮಾಡುವುದು. ಹದಿನೈದು ದಿನಕ್ಕೊಂದು. ಇದೂ ನಿಲ್ಲಲಿಲ್ಲ, ಯಾಕೆಂದರೆ ಹದಿನೈದು ದಿನ ಎನ್ನುವುದಕ್ಕೆ ಅಂಚೇ ಇಲ್ಲ. ಯಾವತ್ತು ಶುರುವಾಯಿತು, ಯಾವತ್ತು ಮುಗಿಯಿತು ಎಂದು ಯಾರೂ ಕೇಳುವುದಿಲ್ಲ. ಗಡುವು ಸದ್ದಿಲ್ಲದೆ ಸರಿದು ಹೋಗುತ್ತದೆ. ದಿನಕ್ಕೆ ಮುನ್ನೂರು ಪದ ಎನ್ನುವ ಇನ್ನೊಂದು ಪಂಗಡವಿದೆ. ಅದನ್ನು ಮಾಡಿದರೆ ಪದಗಳೇನೋ ಬರುತ್ತವೆ. ಮಳೆ ಧೋ ಎಂದು ಸುರಿಯಿತು, ಜಡಿದು ಸುರಿಯಿತು, ಬಿಟ್ಟೂ ಬಿಡದೆ ಸುರಿಯಿತು ಎಂದು ಮುನ್ನೂರು ತುಂಬಿಸಬಹುದು. ಓದುವವರ ಪಾಪಕ್ಕೆ ಹೊಣೆ ಯಾರು? ಮಾತನಾಡಿಯೇ ಟೈಪ್ ಮಾಡಿದರೆ ಬೇಗ ಎಂದು ಒಬ್ಬರು ಹೇಳಿದರು. ತಗಡಿನ ಮಾಡಿನ ಕೆಳಗೆ ಕೂತು ಕೊಳೆ ರೋಗ ಎಂದರೆ ಮೊಬೈಲು ಕೊಲೆ ರೋಗ ಎಂದು ಬರೆದುಕೊಂಡಿತು. ಬೆಳೆಗಾರನ ದೃಷ್ಟಿಯಿಂದ ಅದು ತಪ್ಪೆಂದು ಹೇಳಲಾರೆ.

ಇನ್ನು ಓದುಗರ ಸಂಖ್ಯೆಯನ್ನು ಗುರಿ ಮಾಡಿಕೊಳ್ಳುವುದು. ಮರಕೆಸುವಿನ ಪತ್ರೊಡೆಯ ಬಗ್ಗೆ ಅವಸರದಲ್ಲಿ ಬರೆದದ್ದನ್ನು ಈಗಲೂ ಜನ ಹುಡುಕಿಕೊಂಡು ಬರುತ್ತಾರೆ. ತೋಟದ ಹಳ್ಳವನ್ನು ನಡೆದು ದಾಟಲು ಹಾಕಿದ ಕಾಲುಸಂಕದ ಬಗ್ಗೆ ಬರೆದದ್ದಕ್ಕೆ ನೆಂಟರು ಬಿಟ್ಟರೆ ಗತಿಯಿಲ್ಲ. ನನಗೆ ಕಾಲುಸಂಕದ ಬರಹವೇ ಮೇಲು ಅನ್ನಿಸುತ್ತದೆ. ಎಷ್ಟು ಜನ ಬರಬೇಕೆನ್ನುವುದು ನನ್ನ ಕೈಯಲ್ಲಿರುವ ಸಂಗತಿಯಲ್ಲ. ಅದನ್ನು ಗುರಿಯೆಂದು ಬರೆದಿಟ್ಟರೆ ವರ್ಷವಿಡೀ ಪತ್ರೊಡೆಯನ್ನೇ ಬೇಯಿಸಬೇಕಾಗುತ್ತದೆ.

ದಾರಿ ಸಿಕ್ಕಿದ್ದು ಅಡುಗೆಮನೆಯ ಗೋಡೆಯ ಪಂಚಾಂಗದಲ್ಲಿ. ‘ರೋಹಿಣಿ ನಾಡಿದ್ದಿಗೆ ಮುಗಿಯಿತು, ಮೃಗಶಿರಕ್ಕೆ ಮುಂಚೆ ಸೌದೆ ಒಳಗೆ ಹಾಕಿಸು’ ಎಂದು ಅಮ್ಮ ಹೇಳುತ್ತಿದ್ದರು. ಸೌದೆಗೆ ಗಡುವಿದೆ, ಹಪ್ಪಳಕ್ಕೆ ಗಡುವಿದೆ, ಬರಹಕ್ಕೆ ಯಾಕಿಲ್ಲ? ಸೂರ್ಯ ವರ್ಷಕ್ಕೆ 27 ನಕ್ಷತ್ರ ದಾಟುತ್ತಾನೆ, ಒಂದೊಂದಕ್ಕೆ 13-14 ದಿನ. ಜೂನ್ 8ರ ಆಸುಪಾಸು ಮೃಗಶಿರ, 22ರ ಹೊತ್ತಿಗೆ ಆರಿದ್ರಾ, ಜುಲೈ ಮೊದಲ ವಾರ ಪುನರ್ವಸು, 20ರ ಸುಮಾರಿಗೆ ಪುಷ್ಯ, ಆಗಸ್ಟ್ ಆರಂಭದಲ್ಲಿ ಆಶ್ಲೇಷ, 17ರ ಹೊತ್ತಿಗೆ ಮಘೆ. ದಿನದ ಲೆಕ್ಕದಲ್ಲಿ ಇದು ಹದಿನೈದು ದಿನಕ್ಕೊಂದು ಎನ್ನುವುದಕ್ಕಿಂತ ಬಿಗಿ. ಆದರೂ ನಡೆಯುತ್ತದೆ, ಯಾಕೆಂದರೆ ಈ ಗಡುವಿಗೆ ಊರೆಲ್ಲ ಸಾಕ್ಷಿ. ಸೊಸೈಟಿಗೆ ಗೊಬ್ಬರಕ್ಕೆ ಹೋದರೆ ‘ಈ ಸಲ ಆರಿದ್ರೆ ಕೈಕೊಟ್ಟಿತಲ್ಲ ಮಾರಾಯರೇ’ ಎಂದು ಯಾರೋ ಒಬ್ಬರು ಎತ್ತಿಯೇ ಎತ್ತುತ್ತಾರೆ. ಮಳೆ ಬದಲಾದದ್ದು ಮರೆಯುವುದು ಸಾಧ್ಯವಿಲ್ಲ. ಮೇಲಾಗಿ ಪ್ರತಿ ಮಳೆಗೂ ಪಂಚಾಂಗದವರು ಒಂದು ವಾಹನ ಕೊಟ್ಟಿರುತ್ತಾರೆ, ಕುದುರೆ, ನರಿ, ಕಪ್ಪೆ, ಕತ್ತೆ ಎಂದು. ಕತ್ತೆ ವಾಹನದ ಮಳೆ ಬಂದಾಗ ಬರೆಯಲು ವಿಷಯವಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಮಳೆಗೊಂದು ಎಂದರೆ ಏನು ಎನ್ನುವುದನ್ನೂ ಕೆಳಗಿಳಿಸಿದ್ದೇನೆ. ಕಣ್ಣಾರೆ ಕಂಡ ಒಂದು ಸಂಗತಿ, ಅಷ್ಟು ದಿನದ ಮಳೆಯ ಅಳತೆ, ಕನಿಷ್ಠ ಒಂದು ಪ್ಯಾರಾ. ಉದ್ದವಾದರೆ ಆಗಲಿ, ಆಗದಿದ್ದರೆ ಅಷ್ಟಕ್ಕೇ ಮುಗಿಯಿತು. ಪುಷ್ಯದಲ್ಲಿ ಬರೆದದ್ದು ಮತ್ತೆ ಅದೇ ಕಾಲುಸಂಕ. ಸೀಳಿದ ಅಡಿಕೆ ಮರದ ದಬ್ಬೆ ಹಾಸಿದ್ದಕ್ಕೆ ಪಾಚಿ ಕಟ್ಟಿ ಕಾಲಿಟ್ಟರೆ ಜಾರುತ್ತದೆ; ನಮ್ಮ ಕೆಲಸದವರು ಅದರ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಕತ್ತಿಯ ಬೆನ್ನಿನಿಂದ ಪಾಚಿ ಕೆರೆಯುತ್ತಾ, ಕೆರೆದಷ್ಟೇ ದೂರ ಮುಂದೆ ಸರಿಯುತ್ತಾ ಆಚೆ ದಡ ಸೇರಿದರು. ನೋಡಿದ್ದನ್ನು ನೋಡಿದ ಹಾಗೆ ಬರೆದೆ, ಒಂದು ರಾತ್ರಿಯ ಕೆಲಸವಾಯಿತು. ಮಲೆನಾಡಿನ ಕಾಲುಸಂಕಗಳು ಎಂದು ದೊಡ್ಡ ಲೇಖನ ಹಾಕಿಕೊಂಡಿದ್ದರೆ ಮುಂದಿನ ಮಳೆಗಾಲಕ್ಕೂ ಅದು ಆಗುತ್ತಿರಲಿಲ್ಲ.

ಇನ್ನೊಂದು ನಿಯಮ: ಕಡತ ಮುಗಿದರೆ ಗುರಿ ಮುಟ್ಟಿದಂತೆ, ಅಂತರ್ಜಾಲಕ್ಕೆ ಏರಿಸುವುದು ಬೇರೆ ಕೆಲಸ. ಕರೆಂಟು ಹೋಗಿ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮಲಗುತ್ತದೆ. ಗಾಳಿಗೆ ಮರ ಬಿದ್ದರೆ ಲೈನ್‌ಮನ್ ಬರುವವರೆಗೆ ಊರು ಹೊರಜಗತ್ತಿಗೆ ಸೇರಿದ್ದಲ್ಲ. ಅದಕ್ಕೆಲ್ಲ ನಾನು ಹೊಣೆಯಲ್ಲ. ಶಿವಮೊಗ್ಗಕ್ಕೆ ಹೋದಾಗ ಎರಡು ಮೂರನ್ನು ಒಟ್ಟಿಗೆ ಏರಿಸಿ, ಒಂದೊಂದೇ ಹೊರಬೀಳುವಂತೆ ದಿನ ಗೊತ್ತುಮಾಡಿ ಬರುತ್ತೇನೆ.

ಅಳತೆ ಎಂದೆನಲ್ಲ, ಅದರದ್ದೊಂದು ರಾಮಾಯಣ. ಆನ್‌ಲೈನಿನಲ್ಲಿ ತರಿಸಿದ ಮಳೆ ಮಾಪಕದ ಬಾಯಿ 200 ಚದರ ಸೆಂಟಿಮೀಟರಿನದು, ಜೊತೆಗೆ ಕಳುಹಿಸಿದ ಅಳತೆ ಜಾಡಿ 100 ಚದರ ಸೆಂಟಿಮೀಟರಿನದಕ್ಕೆ ಗೆರೆ ಹಾಕಿದ್ದು. ಅಂದರೆ ಬಿದ್ದ ಮಳೆಯ ಎರಡರಷ್ಟನ್ನು ತೋರಿಸುತ್ತದೆ. ಮೊದಲ ದಿನದ ಲೆಕ್ಕ ನೋಡಿದರೆ ಆಗುಂಬೆ ನಮ್ಮ ಅಂಗಳದ ಮುಂದೆ ತಲೆತಗ್ಗಿಸಬೇಕಿತ್ತು. ಗ್ರಾಮ ಪಂಚಾಯಿತಿ ಮಾಪಕದ ಅಂಕಿ ನಮ್ಮದರ ಅರ್ಧ ಇದ್ದದ್ದರಿಂದ ಬಣ್ಣ ಬಯಲಾಯಿತು. ಮಾರಿದವರಿಗೆ ದೂರು ಕೊಟ್ಟರೆ ‘ಗ್ರಾಹಕರೇ, ನಿಮ್ಮ ಭಾಗದಲ್ಲಿ ಮಳೆ ಹೆಚ್ಚಿರಬಹುದು’ ಎಂಬ ಉತ್ತರ ಬಂತು. ಈಗ ಔಷಧಿ ಅಳೆಯುವ ಪ್ಲಾಸ್ಟಿಕ್ ಲೋಟವೇ ಸಾಕಾಗಿದೆ: 20 ಮಿಲಿಲೀಟರ್ ನೀರಿಗೆ ಒಂದು ಮಿಲಿಮೀಟರ್ ಮಳೆ. ಹವಾಮಾನ ಇಲಾಖೆಯ ಕ್ರಮದಂತೆ ಬೆಳಿಗ್ಗೆ ಎಂಟೂವರೆಗೆ ನೋಡುತ್ತೇನೆ. ಪಕ್ಕದ ತೋಟದ ಹಿರಿಯರಿಗೆ ಮಾತ್ರ ಇಂಚಿನಲ್ಲೇ ಹೇಳಬೇಕು, 25.4ರಿಂದ ಭಾಗಿಸಿ. ಮಿಲಿಮೀಟರ್ ಎಂದರೆ ಅವರಿಗೆ ಮಳೆಯೇ ಬಂದಂತಲ್ಲ.

ಈ ಪದ್ಧತಿಯ ತೂತು ಎಲ್ಲಿದೆ ಎಂದು ನೀವು ಆಗಲೇ ಕಂಡುಹಿಡಿದಿರುತ್ತೀರಿ. ವಿಶಾಖ ಮುಗಿದ ಮೇಲೆ ಮಳೆಯ ಹೆಸರು ಎತ್ತುವವರಿಲ್ಲ. ಅನುರಾಧಾ ಎಷ್ಟು ದಿನ ಉಳಿದಿದೆ ಎಂದು ಸೊಸೈಟಿಯಲ್ಲಿ ಯಾರೂ ಕೇಳುವುದಿಲ್ಲ. ಸಾಕ್ಷಿಯಿಲ್ಲದ ಗಡುವು ಮತ್ತೆ ಹದಿನೈದು ದಿನದ ಗಡುವೇ. ಬೇಸಿಗೆಗೆ ಅಪ್ಪೆಮಿಡಿಯನ್ನು, ಅಂದರೆ ಉಪ್ಪಿನಕಾಯಿಯ ಮಾವಿನ ಮಿಡಿಯನ್ನು, ಹಿಡಿಯುವ ಆಲೋಚನೆಯಿದೆ. ಜೀರಿಗೆ, ಕಂಚಪ್ಪೆ, ಅನಂತಭಟ್ಟನ ಅಪ್ಪೆ, ಒಂದೊಂದು ಮರಕ್ಕೆ ಒಂದೊಂದು ಹೆಸರು, ಒಂದೊಂದು ವಾಸನೆಯ ಸೊನೆ. ಮಿಡಿ ಬಲಿತುಬಿಟ್ಟರೆ ಉಪ್ಪಿನಕಾಯಿಗೆ ಬಾರದು, ಹಾಗಾಗಿ ಮರವೇ ಗಡುವು ಹಾಕುತ್ತದೆ. ಮರ ಹತ್ತಿದವರು ತೊಟ್ಟು ಮುರಿಯದಂತೆ ಕೊಯ್ದು ಹಗ್ಗದಲ್ಲಿ ಬುಟ್ಟಿ ಇಳಿಸುವುದನ್ನು ಪಕ್ಕದಲ್ಲಿ ನಿಂತು ನೋಡಿ ಬರೆಯಬೇಕು. ನಡೆದು ಹೋಗಿ ಬರಬಹುದಾದ ಮರಗಳು ಎಷ್ಟಿವೆಯೋ ಅಷ್ಟೇ ಬರಹ. ಸಾಗರ, ರಿಪ್ಪನ್‌ಪೇಟೆ ಕಡೆಯ ಮರಗಳ ಆಸೆಯನ್ನು ಸದ್ಯಕ್ಕೆ ಕಟ್ಟಿಹಾಕಿದ್ದೇನೆ. ಆ ಕಡೆಯವರು ಯಾರಾದರೂ ವಹಿಸಿಕೊಂಡರೆ ಸಂತೋಷ.

ಸದ್ಯಕ್ಕೆ ಮಘೆ ಎದುರಿಗಿದೆ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು ಎನ್ನುತ್ತಾರೆ. ಬರೆದಷ್ಟೂ ಒಳ್ಳೆಯದೆಂದು ಯಾರೂ ಹೇಳಿಲ್ಲವಾದ್ದರಿಂದ ಒಂದೇ ಪ್ಯಾರಾದ ಲೆಕ್ಕವನ್ನು ಮುಂದುವರಿಸುತ್ತೇನೆ. ಹಸ್ತದ ಹೊತ್ತಿಗೆ ಅಡಿಕೆ ಗೊನೆಯ ಕೊಯ್ಲು ಶುರುವಾದರೆ ರಾತ್ರಿಯೆಲ್ಲ ಅಡಿಕೆ ಸುಲಿತ, ಬೇಯಿಸುವ ಹಂಡೆಗೆ ಬೆಂಕಿ. ಆಗ ಅಳತೆಯ ಅಂಕಿ ಮತ್ತು ನಾಲ್ಕು ಸಾಲು ಸಾಕೆಂದು ಈಗಲೇ ಗೋಡೆಯ ಪಂಚಾಂಗದಲ್ಲಿ ಬರೆದಿಟ್ಟಿದ್ದೇನೆ. ಅದರ ಕೆಳಗೆ ಅಮ್ಮ ‘ಹಂಡೆಗೆ ಕಲಾಯಿ’ ಎಂದು ಸೇರಿಸಿದ್ದಾರೆ. ಅದಕ್ಕೂ ಅದೇ ಗಡುವಂತೆ.