ಸುಮ್ನೆ ನಿಂತಿರೋರು ಯಾರೂ ಇಲ್ವಾ?

"ಮಾಮ, ಸುಮ್ನೆ ನಿಂತಿರೋರು ಯಾರೂ ಇಲ್ವಾ?"

ಶನಿವಾರ ಸಂಜೆ ಅಕ್ಕನ ಮಗಳು ಕೇಳಿದ್ದು. ಇವತ್ತು ಗುರುವಾರ. ಇನ್ನೂ ತಲೆಯಿಂದ ಇಳಿದಿಲ್ಲ.

ಅವಳಿಗೆ 13 ವರ್ಷ. ನಮ್ಮ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಗುಂಪಿಗೆ ಅವತ್ತೇ ಮೊದಲ ಸಲ ಬಂದಿದ್ದಳು. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟುವ ಆಟ ಅದು. ಆಟ ಶುರುವಾಗೋಕೆ ಅರ್ಧ ಗಂಟೆ ಇತ್ತು. ನಾನು ದೊಡ್ಡ ಮನುಷ್ಯನ ಹಾಗೆ ಮಿನಿಯೇಚರ್‌ಗಳ, ಅಂದರೆ ಪಾತ್ರಗಳ ಪುಟ್ಟ ಬೊಂಬೆಗಳ, ಡಬ್ಬಿ ತಂದು ಅವಳ ಮುಂದೆ ತೆರೆದಿಟ್ಟು, "ಯಾವುದು ಬೇಕೋ ಆರಿಸ್ಕೋ" ಅಂದೆ. 12 ವರ್ಷದಿಂದ ಕೂಡಿಹಾಕಿದ ಡಬ್ಬಿ ಅದು. ಅವಳು ಕಣ್ಣರಳಿಸಿ ನೋಡ್ತಾಳೆ ಅಂತ ಕಾದಿದ್ದೆ. ಮುಚ್ಚಿಡೋದ್ಯಾಕೆ?

ಅವಳು ಒಂದೊಂದನ್ನೇ ಎತ್ತಿ, ತಿರುಗಿಸಿ ನೋಡಿದಳು. ಕೊಡಲಿ ಎತ್ತಿದ ಡ್ವಾರ್ಫ್. ಕತ್ತಿ ಬೀಸುತ್ತಿರುವ ನೈಟ್. ಬಾಯಿ ತೆರೆದು ಕಿರುಚುತ್ತಿರುವ ಬಾರ್ಬೇರಿಯನ್, ಪಕ್ಕದಲ್ಲಿ ಅವನಿಗಿಂತ ಜೋರಾಗಿ ಕಿರುಚುತ್ತಿರುವ ಇನ್ನೊಬ್ಬ. ಅಂಗೈಯಿಂದ ಬೆಂಕಿ ಚಿಮ್ಮಿಸುತ್ತಿರುವ ಮಂತ್ರವಾದಿ. ಎಲ್ಲರನ್ನೂ ನೋಡಿ ಮುಗಿಸಿ, ತುಂಬಾ ಮರ್ಯಾದೆಯಿಂದಲೇ ಆ ಪ್ರಶ್ನೆ ಕೇಳಿದಳು.

"ಇವರೆಲ್ಲ ಯೋಧರು ಕಣೇ. ಹೀಗೇ ಇರ್ತಾರೆ" ಅಂದೆ.

"ಮಿಕ್ಕ ಟೈಮಲ್ಲಿ ಏನ್ ಮಾಡ್ತಾರೆ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವಳು ತನ್ನ ಪಾತ್ರದ ವಿವರ ಬರೆಯುವ ಕ್ಯಾರೆಕ್ಟರ್ ಶೀಟನ್ನು ಹಿಂದಿನ ದಿನವೇ ತುಂಬಿಸಿಕೊಂಡು ಬಂದಿದ್ದಳು, ನನ್ನನ್ನು ಒಂದು ಮಾತೂ ಕೇಳದೆ. ಕ್ಲಾಸ್, ಅಂದರೆ ಪಾತ್ರದ ಕಸುಬು, ಫೈಟರ್. ಆದರೆ ಹಿನ್ನೆಲೆ ಬರೆಯುವ ಜಾಗದಲ್ಲಿ ದುಂಡಗಿನ ಅಕ್ಷರದಲ್ಲಿ, "ಕೋಟೆ ಬಾಗಿಲಲ್ಲಿ ರಾತ್ರಿ ಪಾಳಿ. 9 ವರ್ಷ. ಒಂದು ಸಲವೂ ಕತ್ತಿ ಹಿರಿದಿಲ್ಲ" ಅಂತ ಬರೆದಿದ್ದಳು. ಹೀಗೆ ಕತ್ತಿ ಹಿರಿಯದವಳಿಗೆ ನನ್ನ ಡಬ್ಬಿಯಲ್ಲಿ ಬೊಂಬೆ ಎಲ್ಲಿಂದ ಬರಬೇಕು?

ಕೊನೆಗೆ ಸಿಕ್ಕಿದ್ದು ಡಬ್ಬಿಯ ತಳದಲ್ಲಿ. ಹಳೇ ಲೋಹದ ಮಿನಿ, ಕೈಯಲ್ಲಿ ಹಿಡಿದರೆ ಪ್ಲಾಸ್ಟಿಕ್‌ನವಕ್ಕಿಂತ ಭಾರ. ವರ್ಷಗಳ ಹಿಂದೆ ನಾನೇ ಕೆಳಗೆ ಬೀಳಿಸಿದ್ದೆ, ಎತ್ತಿದ ಕತ್ತಿ ಹಿಡಿ ಸಮೇತ ಮುರಿದುಹೋಗಿತ್ತು. ಪ್ಲಾಸ್ಟಿಕ್ ಆಗಿದ್ದರೆ ಬಿದ್ದಾಗ ಬಾಗುತ್ತಿತ್ತು ಅಷ್ಟೆ. ಬಿಸಿನೀರಲ್ಲಿ ಅದ್ದಿ, ನೆಟ್ಟಗೆ ಮಾಡಿ, ತಕ್ಷಣ ತಣ್ಣೀರಿಗೆ ಹಾಕಿದರೆ ಸರಿಹೋಗುತ್ತದೆ. ಲೋಹಕ್ಕೆ ಅಷ್ಟು ಸಲೀಸಿಲ್ಲ. ಸಣ್ಣ ಕೈ ಡ್ರಿಲ್ಲಿನಿಂದ ಎರಡೂ ಕಡೆ ತೂತು ಕೊರೆದು, ಒಳಗೆ ತಂತಿ ಕೂರಿಸಿ, ಆಮೇಲೆ ಅಂಟಿಸಬೇಕು. ಮುರಿದ ಕತ್ತಿಯನ್ನು ಬೆಂಕಿಪೊಟ್ಟಣದಲ್ಲಿ ಜೋಪಾನ ಮಾಡಿದ್ದೆ. ಮಾಡೋಣ, ಮಾಡೋಣ ಅಂತ 7 ವರ್ಷ ಕಳೆದಿತ್ತು. ಹಾಗಾಗಿ ಆ ಹೆಣ್ಣು ಯೋಧೆಯ ಬಲಗೈ ಖಾಲಿಯಾಗಿ ಮೇಲೆದ್ದು ನಿಂತಿತ್ತು.

ಅವಳು ಅದನ್ನು ಮೇಜಿನ ಮೇಲಿಟ್ಟು ಬಗ್ಗಿ ನೋಡಿದಳು. ಮುಖ ಅರಳಿತು.

"ಮಾಮ, ಇವಳು ಬಸ್ಸಿಗೆ ಕೈ ಅಡ್ಡ ಹಾಕ್ತಿದಾಳೆ!"

ಅವತ್ತಿನಿಂದ ನನಗೆ ಆ ಬೊಂಬೆ ಬೇರೆ ಯಾವ ತರಹವೂ ಕಾಣುತ್ತಿಲ್ಲ.

ಅಷ್ಟರಲ್ಲಿ ನಮ್ಮ ಸಪ್ಲಿಮೆಂಟ್ ಗೆಳೆಯ ಬಂದ. ಬಗಲಲ್ಲಿ ಎರಡು ದಪ್ಪ ಪುಸ್ತಕ, ಕೈಯಲ್ಲಿ ಟ್ಯಾಬ್. ಒಳ್ಳೆಯವನು, ಆದರೆ ಅವನ ಒಂದು ಚಾಳಿ ನನಗೆ ಆಗಲ್ಲ. ಆಟಕ್ಕೆ ಹೊಸ ಸಪ್ಲಿಮೆಂಟ್, ಅಂದರೆ ಪೂರಕ ನಿಯಮ ಪುಸ್ತಕ, ಬಂದಾಗಲೆಲ್ಲ ಅವನ ಪಾತ್ರ ಬದಲಾಗುತ್ತದೆ. ಒಂದೇ ಕ್ಯಾಂಪೇನ್‌ನಲ್ಲಿ, ಅಂದರೆ ಮುಂದುವರಿಯುವ ಒಂದೇ ಕಥೆಯಲ್ಲಿ, 4 ಸಬ್‌ಕ್ಲಾಸ್ (ಕ್ಲಾಸಿನ ಒಳಕವಲು) ಬದಲಾಯಿಸಿದ್ದಾನೆ. ಪ್ರತಿ ಸಲವೂ ರೆಸಿನ್ ಪ್ರಿಂಟರ್‌ನಲ್ಲಿ ಹೊಸ ಮಿನಿ ಪ್ರಿಂಟ್ ಮಾಡಿಕೊಂಡು ಬರುತ್ತಾನೆ. ಹಿಂದಿನವನು ಏನಾದ, ಎಲ್ಲಿ ಹೋದ, ಯಾರೂ ಕೇಳುವ ಹಾಗಿಲ್ಲ. ಇವನು ಮಗುವಿನ ಶೀಟ್ ಎತ್ತಿಕೊಂಡು ಡಾಕ್ಟರ್ ರಿಪೋರ್ಟ್ ಓದುವ ಹಾಗೆ ಓದಿದ.

"ಮೂಲ ಪುಸ್ತಕದ್ದೇ ಫೈಟರ್ ಸಾಲದು ಪುಟ್ಟಾ. ಸಪ್ಲಿಮೆಂಟಲ್ಲಿ ಇನ್ನೂ ಸಖತ್ತಾಗಿರೋದಿದೆ."

"ಅದರಲ್ಲಿ ರಾತ್ರಿ ಪಾಳಿ ಇದ್ಯಾ ಅಂಕಲ್?"

ಅವನು ನಿಜವಾಗಿಯೂ ಪುಟ ತಿರುವಿ ನೋಡಿದ.

ಅವನನ್ನು ಪೂರ್ತಿ ಬೈಯುವ ಹಾಗೂ ಇಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಮೂರು ಸಣ್ಣ ಪುಸ್ತಕವಾಗಿ ಹೊರತಂದಾಗ ಇದ್ದದ್ದು ಮೂರೇ ಕ್ಲಾಸ್: ಹೊಡೆದಾಡುವವನು, ಮಂತ್ರ ಹಾಕುವವನು, ದೇವರ ಬಲದಿಂದ ಹೋರಾಡುವ ಕ್ಲೆರಿಕ್. ಕಳ್ಳ ಬಂದಿದ್ದು 1975ರ ಗ್ರೇಹಾಕ್ ಅನ್ನೋ ಮೊದಲ ಸಪ್ಲಿಮೆಂಟಿನಲ್ಲಿ. ಈಗ ಕಳ್ಳನಿಲ್ಲದ ಗುಂಪನ್ನು ಯಾರಾದರೂ ಊಹಿಸ್ತಾರಾ? ಹಾಗಾಗಿ ಸಪ್ಲಿಮೆಂಟ್ ಅಂದರೆ ಬರೀ ಉಪ್ಪಿನಕಾಯಿ ಅಂತ ಅನ್ನೋಕಾಗಲ್ಲ. ನನಗೆ ಕಿರಿಕಿರಿ ಆಗೋದು ಬೇರೆ ಕಡೆ. ಮೊದಲು ಮನುಷ್ಯನನ್ನು ಯೋಚಿಸಿ, ಅವನಿಗೆ ಹೊಂದುವ ಪುಟ ಹುಡುಕಿದರೆ ಸಪ್ಲಿಮೆಂಟ್ ಕೈಗೆ ಬರುತ್ತದೆ. ಪುಟ ಮೊದಲು ಮೆಚ್ಚಿಕೊಂಡು ಅದಕ್ಕೊಬ್ಬ ಮನುಷ್ಯನನ್ನು ಅಂಟಿಸಿದರೆ ಅವನು ಮೂರನೇ ವಾರಕ್ಕೇ ಬೇಜಾರಾಗ್ತಾನೆ. ಅಧಿಕೃತ ಕೂಟದ ಆಟಗಳಲ್ಲಿ ಕೆಲವು ವರ್ಷ ಮೂಲ ಪುಸ್ತಕದ ಜೊತೆ ಇನ್ನೊಂದೇ ಪುಸ್ತಕ ಅನ್ನೋ ನಿಯಮ ಇತ್ತು. ನಮ್ಮ ಮೇಜಿಗೂ ತರಬೇಕು ಅಂತ ನಾನು ಎರಡು ಸಲ ಹೇಳಿದ್ದೇನೆ. ಎರಡು ಸಲವೂ ಸೋತಿದ್ದೇನೆ.

ಆಟ ಶುರುವಾಯಿತು. ಹೊಳೆ ಮೇಲೆ ಸೇತುವೆ, ಆ ಕಡೆಯಿಂದ 4 ಗಾಬ್ಲಿನ್, ಅಂದರೆ ಕುಳ್ಳ ರಾಕ್ಷಸರು. ನಮ್ಮ ಡಿಎಂ (ಡಂಜನ್ ಮಾಸ್ಟರ್, ಕಥೆ ನಡೆಸುವವರು) ಚೌಕುಳಿ ಮ್ಯಾಟ್ ಮೇಲೆ ನೀಲಿ ಮಾರ್ಕರ್‌ನಲ್ಲಿ ಹೊಳೆ ಎಳೆದರು. ಒಂದು ಇಂಚಿನ ಚೌಕ ಅಂದರೆ ಆಟದಲ್ಲಿ 5 ಅಡಿ. ಸೇತುವೆ ಎರಡು ಚೌಕ ಅಗಲ. ಎಲ್ಲರೂ ದಾಳ ಹಾಕಿ ಸರದಿ ಗೊತ್ತುಮಾಡಿಕೊಂಡೆವು. ನಾನು ನನ್ನ ಕ್ಲೆರಿಕ್‌ನನ್ನು ಎಂದಿನಂತೆ ಸುತ್ತಿಗೆ ಸಮೇತ ಮುಂದೆ ತಳ್ಳುವ ಲೆಕ್ಕದಲ್ಲಿದ್ದೆ. ಸಪ್ಲಿಮೆಂಟ್ ಗೆಳೆಯ ತನ್ನ ಹೊಸ ಪವರ್ ಓದಿಕೊಳ್ಳುತ್ತಿದ್ದ. ನಮ್ಮಿಬ್ಬರಿಗಿಂತ ಮೊದಲು ಇವಳ ಸರದಿ ಬಂತು.

ಅವಳು ಬೊಂಬೆಯನ್ನು ಸೇತುವೆಯ ನಟ್ಟನಡುವೆ ಇಟ್ಟಳು. ಬೆರಳಲ್ಲಿ ಸ್ವಲ್ಪ ತಿರುಗಿಸಿ ಗಾಬ್ಲಿನ್‌ಗಳ ಕಡೆ ಮುಖ ಮಾಡಿದಳು.

"ಕೈ ಅಡ್ಡ ಹಾಕ್ತೀನಿ."

"ಹಾಕಿ?" ಅಂದರು ಡಿಎಂ.

"ಇಷ್ಟು ಹೊತ್ತಲ್ಲಿ ಎಲ್ಲಿಗೆ ಹೊರಟಿದ್ದೀರಿ ಅಂತ ಕೇಳ್ತೀನಿ."

ಮೇಜಿನ ಸುತ್ತ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ನಮ್ಮ ಗೆಳೆಯ, ಪಾಪ, ಕುಹಕದಿಂದ ಅಲ್ಲ, ನಿಜವಾದ ಕುತೂಹಲದಿಂದಲೇ ಕೇಳಿದ: "ಇದು ಯಾವ ಪುಸ್ತಕದಲ್ಲಿದೆ?"

ಯಾವ ಪುಸ್ತಕದಲ್ಲೂ ಬೇರೆಯಾಗಿ ಇರಬೇಕಾಗಿಲ್ಲ. ನಿಂತು ಮಾತಾಡೋದು ಎಲ್ಲರಿಗೂ ಬರುತ್ತದೆ. ಡಿಎಂ 15 ದಾಟಬೇಕು ಅಂದರು. ಇವಳ ಪಾತ್ರದ ಕರಿಸ್ಮಾ, ಮಾತಿನಿಂದ ಒಲಿಸುವ ಶಕ್ತಿ, ಬರೀ 9. ಅಂದರೆ ದಾಳದಲ್ಲಿ ಬಿದ್ದಿದ್ದರಲ್ಲಿ ಒಂದು ಕಳೆಯಬೇಕು. 20 ಮುಖದ ದಾಳ ಮೇಜಿನ ಅಂಚಿನವರೆಗೂ ಉರುಳಿ 17ರಲ್ಲಿ ನಿಂತಿತು. ಗಾಬ್ಲಿನ್‌ಗಳೂ ನಿಂತವು. ತಾವು ದಾಳಿಗೆ ಬಂದಿಲ್ಲ, ಹಿಂದೆ ಬರುತ್ತಿರುವ ಓಗರ್ ಅನ್ನೋ ಒಂದು ದೈತ್ಯನಿಂದ ತಪ್ಪಿಸಿಕೊಂಡು ಓಡುತ್ತಿದ್ದೇವೆ ಅಂದವು. ಡಿಎಂ ಪರದೆಯ ಹಿಂದಿನಿಂದ ಓಗರ್ ಮಿನಿಯನ್ನು ತೆಗೆದು ಮ್ಯಾಟ್ ಮೇಲಿಟ್ಟರು. 50 ಮಿ.ಮೀ. ತಳ, ನಾಲ್ಕು ಚೌಕವನ್ನು ಒಬ್ಬನೇ ತುಂಬಿಕೊಂಡು ಕೂರುವ ಗಾತ್ರ. ಆ ಗಾಬ್ಲಿನ್‌ಗಳ ಕಥೆಯನ್ನು ಅಲ್ಲೇ ಆ ಕ್ಷಣಕ್ಕೆ ಕಟ್ಟಿದ್ದು ಅಂತ ಆಮೇಲೆ ಅವರೇ ಒಪ್ಪಿಕೊಂಡರು. ಕತ್ತಿ ಮುರಿದ ಬೊಂಬೆ ಇಲ್ಲದಿದ್ದರೆ ಆ ನಾಲ್ವರೂ ಹತ್ತು ನಿಮಿಷದಲ್ಲಿ ಸತ್ತಿರುತ್ತಿದ್ದರು. ನಾನೇ ಇಬ್ಬರನ್ನು ಮುಗಿಸಿರುತ್ತಿದ್ದೆ.

ಭಾನುವಾರ ಬೆಳಗ್ಗೆ ಡಬ್ಬಿಯನ್ನು ಮೇಜಿನ ಮೇಲೆ ಸುರಿದುಕೊಂಡೆ. ಸುಮ್ನೆ, ಲೆಕ್ಕ ಹಾಕೋಣ ಅಂತ. ಒಟ್ಟು 63. ಆಯುಧ ಎತ್ತಿದವರು 41. ಬಿಲ್ಲು ಎಳೆದವರು 9. ಮಂತ್ರ ಹಾಕುತ್ತಿರುವವರು 7. ಕದ್ದು ಕೂತವರು 3. ಕುದುರೆ ಮೇಲಿನವರು 2. ಬಸ್ಸಿಗೆ ಕಾಯುತ್ತಿರುವವಳು 1.

ಹೀಗಿರೋಕೆ ಕಾರಣ ಇಲ್ಲದೇ ಇಲ್ಲ. ಈ ಆಟದ ಮೂಲವೇ ಯುದ್ಧದ ಆಟದಲ್ಲಿದೆ. 1971ರಲ್ಲಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಬರೆದ ಚೈನ್‌ಮೇಲ್ ಅನ್ನೋ ಸಣ್ಣ ನಿಯಮ ಪುಸ್ತಕ ಮಧ್ಯಯುಗದ ಸೈನ್ಯಗಳ ಬೊಂಬೆ ಕಾಳಗಕ್ಕೆ ಅಂತಲೇ ಇದ್ದದ್ದು. ಪುಸ್ತಕದ ಕೊನೆಗೆ ಡ್ರ್ಯಾಗನ್, ಮಂತ್ರವಾದಿಗಳ ಒಂದು ಭಾಗ ಸೇರಿಸಿದ್ದರು. ಅಲ್ಲಿಂದ ಬೆಳೆದ ಆಟದಲ್ಲಿ ಬೊಂಬೆಗಳು ಸೈನಿಕರ ಹಾಗೆ ನಿಲ್ಲದೆ ಇನ್ನು ಹೇಗೆ ನಿಲ್ಲಬೇಕು? ಅದೂ ಅಲ್ಲದೆ ಇವು ಗಾತ್ರದಲ್ಲಿ ಸಣ್ಣವು. 28 ಮಿ.ಮೀ. ಅಂತ ಡಬ್ಬಿ ಮೇಲೆ ಬರೆದಿರುತ್ತಾರೆ, ಅಂದರೆ ಸುಮಾರು ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು. ಮೇಜಿನ ಆ ಕಡೆ ಕೂತವನಿಗೂ ಇದು ಯೋಧ, ಇದು ಮಂತ್ರವಾದಿ ಅಂತ ಗೊತ್ತಾಗಬೇಕು. ಅದಕ್ಕೇ ತಲೆ ದೊಡ್ಡದು, ಅಂಗೈ ದೊಡ್ಡದು, ಕತ್ತಿ ಹಲಗೆಯಷ್ಟು ದಪ್ಪ. ತೀರಾ ತೆಳ್ಳಗೆ ಮಾಡಿದರೆ ಅಚ್ಚಿನಲ್ಲೂ ಸರಿಯಾಗಿ ಬರಲ್ಲ, ಕೈಯಲ್ಲೂ ಉಳಿಯಲ್ಲ. ಸುಮ್ಮನೆ ನಿಂತವಳು ದೂರದಿಂದ ನೋಡುವವನಿಗೆ ಏನೂ ಹೇಳಲ್ಲ.

ಆದರೆ ಇನ್ನೊಂದು ಕಥೆಯೂ ಇದೆ, ನನಗೆ ತುಂಬಾ ಇಷ್ಟದ್ದು. ಮೊದಮೊದಲು ಆಟಕ್ಕೆ ರಾಕ್ಷಸರ ಬೊಂಬೆ ಬೇಕಾದಾಗ ಗೈಗ್ಯಾಕ್ಸ್ ಮಕ್ಕಳ ಅಗ್ಗದ ಪ್ಲಾಸ್ಟಿಕ್ ಗೊಂಬೆಗಳ ಒಂದು ಪೊಟ್ಟಣ ಕೊಂಡುತಂದರು. ಡೈನೋಸಾರ್ ತರಹದ, ಯಾವ ಪ್ರಾಣಿಯೂ ಅಲ್ಲದ ಹಾಂಗ್‌ಕಾಂಗ್ ಮಾಲು. ಅದರಲ್ಲಿ ಒಂದನ್ನು ನೋಡಿ ಗೂಬೆ ಮುಖದ ಕರಡಿ ಔಲ್‌ಬೇರ್ ಹುಟ್ಟಿತು. ಇನ್ನೊಂದನ್ನು ನೋಡಿ ಕಬ್ಬಿಣ ತಿನ್ನುವ ರಸ್ಟ್ ಮಾನ್‌ಸ್ಟರ್. ಬೊಂಬೆ ಮೊದಲು ಬಂತು, ನಿಯಮ ಆಮೇಲೆ. ಈಗ ಮೇಲೆ ನಾನೇ ಬರೆದದ್ದನ್ನು ಓದಿದರೆ, ಮನುಷ್ಯನನ್ನು ಮೊದಲು ಯೋಚಿಸಬೇಕು ಅಂತ ಗೆಳೆಯನಿಗೆ ಬುದ್ಧಿ ಹೇಳಿದ್ದು ಸ್ವಲ್ಪ ಜಾಸ್ತಿ ಆಯಿತೇನೋ. ಇವಳೂ ಎರಡನ್ನೂ ಒಟ್ಟಿಗೇ ಮಾಡಿದಳಲ್ಲ. ಕಾವಲುಗಾರ್ತಿ ಕಾಗದದ ಮೇಲಿದ್ದಳು, ಎತ್ತಿದ ಕೈ ಡಬ್ಬಿಯಲ್ಲಿ ಬಿದ್ದಿತ್ತು.

ನನ್ನ ಕ್ಲೆರಿಕ್ ಕಡೆ ನೋಡಿದೆ. ಮೂರು ವರ್ಷದಿಂದ ಆಡಿಸುತ್ತಿದ್ದೇನೆ. ಅವನನ್ನು ಆರಿಸಿದ್ದು ಸುತ್ತಿಗೆ ಚೆನ್ನಾಗಿದೆ ಅಂತ. ಆ ಸುತ್ತಿಗೆಗೆ ಒಂದು ಕೈಯಲ್ಲಿ ಹೊಡೆದರೆ 8 ಮುಖದ ದಾಳ, ಎರಡು ಕೈಯಲ್ಲಾದರೆ 10 ಮುಖದ್ದು ಅಂತ ನಿದ್ದೆಯಲ್ಲೂ ಹೇಳ್ತೀನಿ. ಅವನಿಗೆ ಅಮ್ಮ ಇದ್ದಾಳಾ, ಗೊತ್ತಿಲ್ಲ. ಜಗಳ ಇಲ್ಲದ ದಿನ ಕೈ ಎಲ್ಲಿಟ್ಟುಕೊಳ್ತಾನೆ, ಅದೂ ಗೊತ್ತಿಲ್ಲ.

ಅಪ್ಪನ ನೆನಪು ಬಂತು. ಅಪ್ಪ ದುಡಿದದ್ದು, ಓಡಾಡಿದ್ದು, ಜಗಳ ಆಡಿದ್ದು ಎಲ್ಲ ಗೊತ್ತು. ಕಣ್ಣಿಗೆ ಕಟ್ಟೋದು ಮಾತ್ರ ಕೈ ಹಿಂದಕ್ಕೆ ಕಟ್ಟಿ ಗೇಟಿನ ಹತ್ತಿರ ನಿಂತಿದ್ದು. ಏನೂ ಮಾಡುತ್ತಿರಲಿಲ್ಲ. ಯಾರಿಗೂ ಕಾಯುತ್ತಲೂ ಇರಲಿಲ್ಲ. ಎಡಗೈ ಬಲ ಮಣಿಕಟ್ಟನ್ನು ಹಿಡಿದಿರುತ್ತಿತ್ತು, ಹೆಬ್ಬೆರಳು ಮಾತ್ರ ಮೆಲ್ಲಗೆ ಆಡುತ್ತಿತ್ತು. ಹೆಬ್ಬೆರಳ ಗೆಣ್ಣಿನಷ್ಟು ಲೋಹದಲ್ಲಿ ಅಪ್ಪನನ್ನು ಮಾಡು ಅಂದರೆ ಹಾಗೇ ಮಾಡಿಸುತ್ತೇನೆ. ಅಂಥದ್ದನ್ನು ಯಾವ ಕಂಪನಿಯೂ ಮಾರಲ್ಲ. ಮಾರಿದರೂ, ಶನಿವಾರದವರೆಗೆ ನಾನೂ ಕೊಳ್ಳುತ್ತಿರಲಿಲ್ಲ.

ನಿನ್ನೆ ರಾತ್ರಿ ಆ ಲೋಹದವಳಿಗೆ ಬಣ್ಣ ಶುರು ಮಾಡಿದೆ. ಸೋಪುನೀರಲ್ಲಿ ಹಳೇ ಬ್ರಷ್‌ನಿಂದ ತೊಳೆದು, ಒಣಗಿಸಿ, ಬೂದು ಪ್ರೈಮರ್ ಹೊಡೆದೆ. ಅಂಗಿಗೆ ಮಾಸಿದ ನೀಲಿ, ನೀರು ಬೆರೆಸಿ ತೆಳ್ಳಗೆ ಎರಡು ಸಲ. ಮೇಲೆ ಕಂದು ವಾಶ್, ಅಂದರೆ ನೀರಿನಂಥ ತೆಳು ಬಣ್ಣ, ಬಿಟ್ಟೆ. ಅದು ತಾನಾಗಿ ಮಡಿಕೆಗಳಿಗೆ ಇಳಿದು ನೆರಳಾಯಿತು. ಈ ಕ್ಷಣಕ್ಕಾಗಿಯೇ ನಾನು ಬಣ್ಣ ಹಾಕೋದು. ಕಣ್ಣು ಮಾತ್ರ ಬಿಟ್ಟೆ, ನಾನು ಬರೆದರೆ ಎಲ್ಲರೂ ಬೆಚ್ಚಿಬಿದ್ದವರ ಹಾಗೆ ಕಾಣ್ತಾರೆ. ಆಮೇಲೆ ಬೆಂಕಿಪೊಟ್ಟಣ ತೆರೆದು ಕತ್ತಿ ಹೊರಗೆ ತೆಗೆದೆ. ಕೈ ಡ್ರಿಲ್ ಕೂಡ. ಅಷ್ಟರಲ್ಲಿ ಅವಳದೇ ಫೋನ್.

"ಮಾಮ, ಕತ್ತಿ ಅಂಟಿಸಿಬಿಟ್ಯಾ?"

"ಇಲ್ಲ."

"ಕೈಗೆ ಬೇಡ. ಸೊಂಟಕ್ಕೆ ಅಂಟಿಸು. ಇರುತ್ತೆ ಅವಳ ಹತ್ರ. ಆದ್ರೆ ತೆಗೆಯಲ್ಲ."

ಒರೆ ಇಲ್ಲದ ಕತ್ತಿಯನ್ನು ಸೊಂಟಕ್ಕೆ ಅಂಟಿಸೋದು ಅಂದುಕೊಂಡಷ್ಟು ಸುಲಭ ಅಲ್ಲ. ಹಲಗೆಯಷ್ಟು ದಪ್ಪ ಅಂದೆನಲ್ಲ, ಉದ್ದವೂ ಅಷ್ಟೇ. ಎರಡು ಸಲ ಜಾರಿತು, ಒಂದು ಸಲ ನನ್ನ ಬೆರಳಿಗೇ ಅಂಟಿತು. ಕೊನೆಗೆ ಓರೆಯಾಗಿ ನಿಂತಿತು. ಈಗ ಅದರ ತುದಿ 25 ಮಿ.ಮೀ. ತಳದ ಆಚೆಗೆ ಚಾಚಿಕೊಂಡು ಪಕ್ಕದ ಚೌಕದಲ್ಲಿ ನಿಂತವರ ಮೊಣಕಾಲಿಗೆ ಸರಿಯಾಗಿ ಚುಚ್ಚುತ್ತದೆ. ಆ ಚೌಕದಲ್ಲಿ ಸಾಮಾನ್ಯವಾಗಿ ನಿಲ್ಲೋದು ನಮ್ಮ ಸಪ್ಲಿಮೆಂಟ್ ಗೆಳೆಯ.