ಅಮೆರಿಕದ ಲೈಸೆನ್ಸು, ಬೆಂಗಳೂರಿನ ನೈಟ್ ಶಿಫ್ಟು

ನಮ್ಮಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ ಕರ್ನಾಟಕದ ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟ್ರೇಶನ್ ಮಾಡಿಸ್ಕೊಂಡ್ರೆ ಆಯ್ತು, ಇನ್ನೊಂದು ಪರೀಕ್ಷೆ ಅಂತೇನಿಲ್ಲ, ಸೀದಾ ವಾರ್ಡಿಗೆ ಇಳೀಬಹುದು. ಅಮೆರಿಕದಲ್ಲಿ ಹಾಗಲ್ಲ, ಅಲ್ಲೇ ಹುಟ್ಟಿ ಅಲ್ಲೇ ಓದಿದೋರೂ ಎನ್‌ಕ್ಲೆಕ್ಸ್ ಅನ್ನೋ ಲೈಸೆನ್ಸ್ ಪರೀಕ್ಷೆ ಬರೀಲೇಬೇಕು. ನಾನು ಅದನ್ನ ಬೆಂಗಳೂರಲ್ಲೇ ಕೂತು ಬರೆದೆ, ಪಾಸೂ ಆದೆ, ಈಗ ಕೆಲಸಾನೂ ಬೆಂಗಳೂರಲ್ಲೇ. ಅದು ಹೆಂಗಪ್ಪಾ ಅಂತ ಕೇಳೋರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ, ಒಂದ್ಸಲ ಬರೆದೇ ಬಿಡೋಣ ಅಂತ.

ಕಾಲೇಜಲ್ಲಿ ನನ್ನ ಬ್ಯಾಚ್‌ನಲ್ಲಿ ಬಹಳ ಜನ ಕೇರಳದೋರು. ಅವರ ಮನೇಲಿ ಒಬ್ಬ ಅಕ್ಕನೋ ಚಿಕ್ಕಮ್ಮನೋ ಆಗ್ಲೇ ಅಯರ್ಲೆಂಡೋ ಕುವೈತೋ ಸೇರಿರ್ತಾರೆ, ಯಾವ ಫಾರ್ಮ್ ಎಲ್ಲಿಗೆ ಹೋಗ್ಬೇಕು ಅನ್ನೋದು ಫಸ್ಟ್ ಇಯರಲ್ಲೇ ಬಾಯಿಪಾಠ. ನಾನು ಹಾಸನದ ಕಡೆ ಹಳ್ಳಿಯೋನು, ನಮ್ಮ ನೆಂಟರಲ್ಲಿ ನರ್ಸ್ ಆದ ಗಂಡು ಹುಡುಗ ನಾನೊಬ್ನೇ. ಮದುವೆ ಮನೇಲಿ ಯಾರಾದ್ರೂ ಕೇಳಿದ್ರೆ ಅಪ್ಪ "ಆಸ್ಪತ್ರೇಲಿದಾನೆ" ಅಂದು ಸುಮ್ನಾಗ್ತಿದ್ರು, ಡಾಕ್ಟ್ರು ಅಂದ್ಕೊಂಡ್ರೆ ಅಂದ್ಕೊಳ್ಳಲಿ ಅಂತ. ಕೊನೆಗೆ ದಾರಿ ತೋರಿಸಿದ್ದು ಒಬ್ಬ ಮಲಯಾಳಿ ಕ್ಲಾಸ್‌ಮೇಟೇ. ನ್ಯೂಯಾರ್ಕ್ ರಾಜ್ಯದ ನರ್ಸಿಂಗ್ ಬೋರ್ಡಿಗೆ ಅರ್ಜಿ ಹಾಕು, ಅಲ್ಲಿ ಸೋಶಿಯಲ್ ಸೆಕ್ಯುರಿಟಿ ನಂಬರ್, ಅಂದ್ರೆ ಅಮೆರಿಕದ ಸರ್ಕಾರ ಕೊಡೋ ಗುರುತಿನ ನಂಬರ್, ಇಲ್ಲದಿದ್ರೂ ನಡೆಯುತ್ತೆ, ಬೇರೆ ಎಷ್ಟೋ ರಾಜ್ಯಗಳಲ್ಲಿ ಅದಕ್ಕೇ ಸಿಕ್ಕಾಕೊಳ್ತೀಯ ಅಂದ್ಲು. ಮಾರ್ಕ್ಸ್ ಕಾರ್ಡು, ಸಿಲೆಬಸ್ಸು ನಮ್ಮ ಕೈಯಿಂದ ಕಳಿಸೋ ಹಾಗಿಲ್ಲ, ಕಾಲೇಜು ಕೌನ್ಸಿಲ್ಲುಗಳಿಂದ ನೇರ ಹೋಗ್ಬೇಕು. ಆ ಒಂದು ಸೀಲಿಗೋಸ್ಕರ ಆಫೀಸ್ ಮುಂದೆ ನಿಂತಿದ್ದನ್ನ ಬರೆದ್ರೆ ಇನ್ನೊಂದು ಲೇಖನ ಆಗುತ್ತೆ, ಬಿಡಿ. ಪರೀಕ್ಷೆ ಫೀಸೇ 200 ಡಾಲರ್, ನಮ್ಮ ದೇಶದಲ್ಲಿ ಕೂತು ಬರಿಯೋಕೆ ಮೇಲೆ 150. ನನ್ನ ಆಗಿನ ಸಂಬಳ 22 ಸಾವಿರ, ಲೆಕ್ಕ ಹಾಕ್ಕೊಳ್ಳಿ.

ಓದೋದು ಕಷ್ಟ ಆಗ್ಲಿಲ್ಲ, ವಾರ್ಡಲ್ಲಿ ಕಲ್ತಿದ್ದನ್ನ ಮರೆಯೋದು ಕಷ್ಟ ಆಯ್ತು. ಪೇಷೆಂಟ್‌ಗೆ ಏದುಸಿರು ಬಂದ್ರೆ ನಮ್ಮ ಕೈ ಮೊದಲು ಹೋಗೋದು ಫೋನಿಗೆ, ಡ್ಯೂಟಿ ಡಾಕ್ಟ್ರಿಗೆ ಹೇಳದೆ ಏನಾದ್ರೂ ಮಾಡಿದ್ರೆ ಬೆಳಿಗ್ಗೆ ರೌಂಡ್ಸಲ್ಲಿ ಮಂಗಳಾರತಿ. ಎನ್‌ಕ್ಲೆಕ್ಸಲ್ಲಿ "ಡಾಕ್ಟರಿಗೆ ತಿಳಿಸು" ಅನ್ನೋ ಆಪ್ಷನ್ ಅಲ್ಲೇ ಇರುತ್ತೆ, ಕಣ್ಣು ಹೊಡೀತಾ ಇರುತ್ತೆ, ಆದ್ರೆ ಎಷ್ಟೋ ಸಲ ಅದು ತಪ್ಪು. ಮೊದಲು ಎಬ್ಬಿಸಿ ಕೂರಿಸು, ಆಕ್ಸಿಜನ್ ನೋಡು, ನೀನು ಮಾಡ್ಬಹುದಾದ್ದು ಮಾಡು, ಆಮೇಲೆ ಫೋನು. ಇನ್ನೊಂದು, ಯಾವ ಕೆಲಸ ಯಾರಿಗೆ ಒಪ್ಪಿಸ್ತೀಯ ಅನ್ನೋ ಪ್ರಶ್ನೆಗಳು. ಸಹಾಯಕರು ಸ್ನಾನ ಮಾಡಿಸ್ಬಹುದು, ಊಟ ಮಾಡಿಸ್ಬಹುದು, ಆದ್ರೆ ಪೇಷೆಂಟ್ ಸ್ಥಿತಿ ಹೆಂಗಿದೆ ಅಂತ ತೀರ್ಮಾನ ಮಾಡೋದು, ಮನೆಗೆ ಹೋದ್ಮೇಲೆ ಏನು ಮಾಡ್ಬೇಕು ಅಂತ ಕಲಿಸೋದು ನರ್ಸೇ. ನಮ್ಮ ವಾರ್ಡಲ್ಲಿ ರಾತ್ರಿ ನಾನೊಬ್ಬ, ಇನ್ನೊಬ್ಳು ಸಿಸ್ಟರ್, ಬೆಡ್ಡುಗಳೆಲ್ಲ ಫುಲ್ಲು, ಮಿಕ್ಕಿದ್ದೆಲ್ಲ ಪೇಷೆಂಟ್ ಕಡೆಯೋರೇ ಮಾಡ್ಕೊಳ್ಳೋದು, ನಾನು ಯಾರಿಗೆ ಒಪ್ಪಿಸ್ಲಿ! ಉಪ್ಪು ಕಮ್ಮಿ ಮಾಡೋರು ಏನು ತಿನ್ನಬಾರ್ದು ಅಂದ್ರೆ ನಾನು ಉಪ್ಪಿನಕಾಯಿ, ಹಪ್ಪಳ ಅಂತಿದ್ದೆ, ಅಲ್ಲಿ ಡಬ್ಬಿ ಸೂಪು, ಹಾಟ್‌ಡಾಗು. ತೂಕ ಪೌಂಡಲ್ಲಿ ಕೊಟ್ಟಿರ್ತಾರೆ, 2.2ರಿಂದ ಭಾಗಿಸದೆ ಡೋಸ್ ಲೆಕ್ಕ ಮಾಡಿದ್ರೆ ಮುಗೀತು ಕತೆ. ನೈಟ್ ಡ್ಯೂಟಿ ಮುಗಿಸಿ ಪೀಜಿಗೆ ಬಂದು, ಇಡ್ಲಿ ತಿಂದು, ಯೂವರ್ಲ್ಡ್ ಅನ್ನೋ ಆನ್‌ಲೈನ್ ಪ್ರಶ್ನೆ ಬ್ಯಾಂಕಿನ ಪ್ರಶ್ನೆಗಳನ್ನ ನಿದ್ದೆ ಬರೋತನಕ ಮಾಡೋದು, ಎದ್ದು ತಪ್ಪಾಗಿದ್ದಕ್ಕೆಲ್ಲ ಕೊಟ್ಟಿರೋ ವಿವರಣೆ ಓದೋದು, ಸರಿಯಾಗಿದ್ದಕ್ಕೂ ಓದೋದು, ಯಾಕಂದ್ರೆ ಅರ್ಧ ಗುಡ್ಡಕ್ಕೆ ಕಲ್ಲು ಹೊಡೆದಿದ್ದೇ.

ಪರೀಕ್ಷೆ ದಿನ ಸೆಂಟರಲ್ಲಿ ನರ್ಸ್ ಅಂತ ಇದ್ದಿದ್ದು ನಾನೊಬ್ನೇ ಇರ್ಬೇಕು. ಪಕ್ಕದಲ್ಲಿದ್ದ ಹುಡುಗ ಯಾವುದೋ ಕ್ಲೌಡ್ ಸರ್ಟಿಫಿಕೇಟ್ ಪರೀಕ್ಷೆಗೆ ಬಂದಿದ್ದ, ಆರಾಮಾಗಿ ಕಾಲು ಅಲ್ಲಾಡಿಸ್ಕೊಂಡು ಕೂತಿದ್ದ. ಪಾಸ್‌ಪೋರ್ಟ್ ನೋಡಿದ್ರು, ಅಂಗೈ ಸ್ಕ್ಯಾನ್ ಮಾಡಿದ್ರು, ಜೇಬು ಒಳಗೆ ಹೊರಗೆ ಮಾಡ್ಸಿ, ತೋಳು ಮಡಚ್ಸಿ, ಕನ್ನಡಕ ತೆಗೆಸಿ ಅದರ ಕಡ್ಡೀನೂ ನೋಡಿದ್ರು. ಒಳಗೆ ಒಂದು ಅಳಿಸೋ ಬೋರ್ಡು, ಒಂದು ಮಾರ್ಕರ್ ಪೆನ್ನು ಅಷ್ಟೇ.

ಈ ಪರೀಕ್ಷೆ ವಿಚಿತ್ರ ಏನಂದ್ರೆ ನೀವು ಹೆಂಗೆ ಉತ್ತರ ಕೊಡ್ತೀರೋ ಅದರ ಮೇಲೆ ಮುಂದಿನ ಪ್ರಶ್ನೆ ಬರುತ್ತೆ, ಹಿಂದಕ್ಕೆ ಹೋಗಿ ತಿದ್ದೋ ಹಾಗಿಲ್ಲ. ಕಮ್ಮಿ ಅಂದ್ರೆ 85 ಪ್ರಶ್ನೆ, ಜಾಸ್ತಿ ಅಂದ್ರೆ 150, ಟೈಮು 5 ಗಂಟೆ. ಇವನು ಪಾಸು ಅಥವಾ ಇವನು ಫೇಲು ಅಂತ ಕಂಪ್ಯೂಟರಿಗೆ ಶೇಕಡ 95ರಷ್ಟು ಖಾತ್ರಿ ಆದ ಕೂಡ್ಲೆ ತಾನೇ ನಿಂತುಬಿಡುತ್ತೆ. ಅಂದ್ರೆ 85ಕ್ಕೆ ನಿಂತ್ರೆ ತುಂಬಾ ಒಳ್ಳೇದಾಗಿರ್ಬಹುದು ಇಲ್ಲಾ ತುಂಬಾ ಕೆಟ್ಟಿರ್ಬಹುದು. 2023ರ ಏಪ್ರಿಲ್‌ನಿಂದ ಕೇಸ್ ಸ್ಟಡಿಗಳೂ ಸೇರಿವೆ, ಒಬ್ಬನೇ ಪೇಷೆಂಟ್ ಮೇಲೆ ಸಾಲಾಗಿ ಆರು ಪ್ರಶ್ನೆ. ನಂದು 85 ದಾಟ್ತು. ಕೈ ತಣ್ಣಗಾಯ್ತು, ಹೊಟ್ಟೆ ತೊಳಸೋಕೆ ಶುರುವಾಯ್ತು, ಇನ್ನೂ ನನ್ನನ್ನ ಬಿಟ್ಟಿಲ್ಲ ಅಂದ್ರೆ ಇನ್ನೂ ಆಸೆ ಇದೆ ಅಂತ ಸಮಾಧಾನ ಮಾಡ್ಕೊಂಡು ಒತ್ತುತ್ತಾ ಹೋದೆ, ನೂರರ ಆಸುಪಾಸಲ್ಲಿ ಸ್ಕ್ರೀನ್ ಟಕ್ ಅಂತ ನಿಂತ್ತು. ಆಮೇಲೆ ನ್ಯೂಯಾರ್ಕ್‌ನೋರ ವೆಬ್‌ಸೈಟಲ್ಲಿ ದಿನಾ ನನ್ನ ಹೆಸರು ಹುಡುಕೋದೇ ಕೆಲಸ. ಒಂದು ದಿನ ವಾರ್ಡಿನ ಮೆಡಿಸಿನ್ ರೂಮಲ್ಲಿ ನಿಂತು ನೋಡಿದ್ರೆ ಹೆಸರ ಮುಂದೆ ಲೈಸೆನ್ಸ್ ನಂಬರು!

ಮುಂದಿನದ್ದು ಯಾವ ಕೋಚಿಂಗ್ ಸೆಂಟರ್‌ನೋರೂ ಬಾಯಿಬಿಟ್ಟು ಹೇಳಲ್ಲ. ಲೈಸೆನ್ಸ್ ಬೇರೆ, ವೀಸಾ ಬೇರೆ. ನರ್ಸ್‌ಗಳು ಹೋಗೋದು ಇಬಿ-3 ಅನ್ನೋ ಗ್ರೀನ್ ಕಾರ್ಡ್ ಕ್ಯೂನಲ್ಲಿ, ಪ್ರತಿ ವರ್ಷ ಕೊಡೋದ್ರಲ್ಲಿ ಒಂದು ದೇಶಕ್ಕೆ ಶೇಕಡ 7ರಷ್ಟೇ ಅಂತ ಮಿತಿ. 2025ರ ಮಧ್ಯದಲ್ಲಿ ನೋಡಿದಾಗ ಇಂಡಿಯಾದೋರಲ್ಲಿ 2013ರಲ್ಲಿ ಅರ್ಜಿ ಬಿದ್ದೋರ ಸರದಿ ನಡೀತಿತ್ತು, ಫಿಲಿಪೀನ್ಸ್‌ನೋರದ್ದು 2023ಕ್ಕೆ ಬಂದಿತ್ತು. ಅವರ ಮೇಲೆ ನಂಗೆ ಹೊಟ್ಟೆಕಿಚ್ಚಿಲ್ಲ. ನಮ್ಮ ಮುಂದೆ ನಿಂತಿರೋರಲ್ಲಿ ಬಹಳ ಜನ ನಮ್ಮದೇ ಊರಿನ ಸಾಫ್ಟ್‌ವೇರ್‌ನೋರು, ಕಾಲು ಅಲ್ಲಾಡಿಸ್ತಿದ್ದ ಆ ಹುಡುಗನಂಥೋರು, ನಗು ಬರೋದು ಅದಕ್ಕೆ.

ಹಂಗಾದ್ರೆ ದುಡ್ಡು ದಂಡವಾ ಅಂದ್ರೆ, ಇಲ್ಲ. ಬೆಂಗಳೂರು, ಹೈದರಾಬಾದ್, ಗುರುಗ್ರಾಮದಲ್ಲಿ ಅಮೆರಿಕದ ಇನ್ಶೂರೆನ್ಸ್ ಕೆಲಸ ಮಾಡೋ ಕಂಪನಿಗಳು "ಯುಎಸ್‌ಆರ್‌ಎನ್ ಬೇಕು" ಅಂತ ಜಾಹೀರಾತು ಹಾಕ್ತವೆ, ಅಂದ್ರೆ ಎನ್‌ಕ್ಲೆಕ್ಸ್ ಪಾಸಾಗಿ ಅಮೆರಿಕದ ಲೈಸೆನ್ಸ್ ಇರೋ ನರ್ಸು. ಅಂಥಾ ಒಂದು ಕಡೆ ಸಿಕ್ತು, ಸಂಬಳ ಆಸ್ಪತ್ರೇಗಿಂತ ಎರಡು ಪಟ್ಟಿಗೂ ಮೇಲೆ. ಸಂಜೆ ಕ್ಯಾಬ್ ಬರುತ್ತೆ, ಫೋನು, ಪೆನ್ನು, ಪೇಪರ್ ಎಲ್ಲ ಲಾಕರಲ್ಲಿಟ್ಟು ಒಳಗೆ ಹೋಗ್ಬೇಕು. ಅಲ್ಲೆಲ್ಲೋ ಒಬ್ಬ ಡಾಕ್ಟ್ರು ಪೇಷೆಂಟ್‌ಗೆ ಎಂಆರ್‌ಐ ಬೇಕು ಅಂತ ಬರೆದಿರ್ತಾರೆ, ಅದಕ್ಕೆ ಇನ್ಶೂರೆನ್ಸ್‌ನೋರು ದುಡ್ಡು ಕೊಡ್ಬೇಕಾ ಅಂತ ಗೈಡ್‌ಲೈನ್ ಜೊತೆ ತಾಳೆ ನೋಡೋದು ನಾವು. ಮಂಡಿ ನೋವು ಅಂದ್ರೆ ಸಾಮಾನ್ಯವಾಗಿ ಆರು ವಾರ ವ್ಯಾಯಾಮ, ಮಾತ್ರೆ ಎಲ್ಲ ನೋಡಿದಾರಾ ಅಂತ ಮೊದಲು ಹುಡುಕ್ಬೇಕು. ಎಲ್ಲ ಹೊಂದಿದ್ರೆ ನಾವೇ ಓಕೆ ಮಾಡ್ಬಹುದು, ಆಗಲ್ಲ ಅನ್ನೋ ಅಧಿಕಾರ ನಮಗಿಲ್ಲ, ಅದು ಡಾಕ್ಟ್ರಿಗೆ ಹೋಗುತ್ತೆ. ಪೇಷೆಂಟ್ ಮುಟ್ಟದೆ ನರ್ಸ್ ಅನ್ನಿಸ್ಕೊಳ್ಳೋದು ನಂಗೆ ಇನ್ನೂ ಒಗ್ಗಿಲ್ಲ, "ಬ್ರದರ್, ಒಸಿ ನೋಡಿ ಬನ್ನಿ" ಅಂತ ಯಾರೂ ಕರೆಯಲ್ಲ. ಆದ್ರೆ ಊರಿಗೆ ದುಡ್ಡು ಕಳಿಸೋಕೆ ಆಗ್ತಿದೆ, ಅದನ್ನ ಕಡಿಮೆ ಅಂತ ನಾನು ಅನ್ನಲ್ಲ.

ಮೊನ್ನೆ ಅವ್ವ ಫೋನ್ ಮಾಡಿ, "ರಾತ್ರಿಯೆಲ್ಲ ನಿದ್ದೆಗೆಟ್ಟು ಅಮೆರಿಕದೋರ ಕಾಯಿಲೆ ನೋಡ್ತೀಯಲ್ಲ, ನನ್ನ ಮಂಡಿಗೆ ಏನಾರ ಹೇಳೋ" ಅಂದ್ಲು. ಹಾಸನಕ್ಕೆ ಹೋಗಿ ಸ್ಕ್ಯಾನ್ ಮಾಡಿಸ್ಲಾ ಅಂತಾನೂ ಕೇಳಿದ್ಲು. ಬಾಯಿಂದ ತಾನಾಗೇ ಬಂತು, "ಮೊದ್ಲು ಆರು ವಾರ ವ್ಯಾಯಾಮ ಮಾಡವ್ವ, ಆಮೇಲೆ ನೋಡಣ." ಬೈದು ಫೋನ್ ಇಟ್ಲು.